ಕಥೋಲಿಕ ಚರ್ಚೋ, ಸ್ವತಂತ್ರ ಸಭೆಯೋ?

ಶಿವಮೊಗ್ಗದಲ್ಲಿ ಯಾವ ಚರ್ಚಿಗೆ ಸೇರೋಣ ಎಂದು ಯೋಚಿಸುತ್ತಿದ್ದರೆ ಮೊದಲು ಕೇಳಿ: ಇಲ್ಲಿನ ಗುರುಗಳ ಮೇಲೆ ಯಾರಿದ್ದಾರೆ? ಕಥೋಲಿಕ ಫಾದರ್‌ಗಳು ಅವಿವಾಹಿತರು, ಗುರುಗಳ ತರಬೇತಿ ಶಾಲೆಯಾದ ಸೆಮಿನರಿಯಲ್ಲಿ ವರ್ಷಗಟ್ಟಲೆ ಓದಿದವರು. ಅವರನ್ನು ನೇಮಿಸುವುದು, ವರ್ಗ ಮಾಡುವುದು 1988ರಲ್ಲಿ ಸ್ಥಾಪನೆಯಾದ ಶಿವಮೊಗ್ಗ ಧರ್ಮಪ್ರಾಂತ್ಯದ (ಕಥೋಲಿಕ ಚರ್ಚಿನ ಆಡಳಿತ ವಲಯ) ಬಿಷಪ್. ಫಾದರ್ ಮೇಲೆ ದೂರು ಇದ್ದರೆ ಬಿಷಪ್‌ವರೆಗೂ ಒಯ್ಯಬಹುದು. ಯಾವ ದೊಡ್ಡ ಚರ್ಚಿನ ಆಡಳಿತಕ್ಕೂ ಒಳಪಡದ ಸ್ವತಂತ್ರ ಸಭೆಯ ಪಾಸ್ಟರ್ ಸಾಮಾನ್ಯವಾಗಿ ಸಂಸಾರಸ್ಥರು, ಎಷ್ಟೋ ಕಡೆ ಸಭೆ ಕಟ್ಟಿದವರೂ ಅವರೇ. ದಶಮಾಂಶದ (ಆದಾಯದ ಹತ್ತನೇ ಒಂದು ಪಾಲಿನ ಕಾಣಿಕೆ) ಲೆಕ್ಕ ಯಾರು ನೋಡುತ್ತಾರೆ ಎಂದು ಸಂಕೋಚವಿಲ್ಲದೆ ಕೇಳಿ. ಉತ್ತರ ಸಿಗದಿದ್ದರೆ ನಾನಂತೂ ಸೇರುವುದಿಲ್ಲ.

ಕಥೋಲಿಕರಲ್ಲಿ ಬಲಿಪೂಜೆ (ರೊಟ್ಟಿ, ದ್ರಾಕ್ಷಾರಸ ಅರ್ಪಿಸುವ ಮುಖ್ಯ ಆರಾಧನೆ), ಪಾಪನಿವೇದನೆ (ಫಾದರ್ ಮುಂದೆ ಪಾಪ ಒಪ್ಪಿಕೊಳ್ಳುವುದು), ಶಿಶುಗಳಿಗೂ ಜ್ಞಾನಸ್ನಾನ (ನೀರಿನಿಂದ ಕೊಡುವ ಕ್ರೈಸ್ತ ದೀಕ್ಷೆ). ಸ್ವತಂತ್ರ ಸಭೆಗಳಲ್ಲಿ ಹಾಡು, ಉದ್ದನೆಯ ಪ್ರಸಂಗ (ಬೈಬಲ್ ಉಪದೇಶ). ಹೆಚ್ಚಿನ ಕಡೆ ನಂಬಿ ಬಂದ ದೊಡ್ಡವರನ್ನು ನೀರಿನಲ್ಲಿ ಪೂರ್ತಿ ಮುಳುಗಿಸಿ ದೀಕ್ಷಾಸ್ನಾನ (ಜ್ಞಾನಸ್ನಾನಕ್ಕೆ ಇವರಲ್ಲಿನ ಹೆಸರು) ಕೊಡುತ್ತಾರೆ. ಸಭೆ ಚಿಕ್ಕದಾದರೆ ಪಾಸ್ಟರ್‌ಗೆ ಪ್ರತಿಯೊಬ್ಬರ ಹೆಸರೂ ಗೊತ್ತಿರುತ್ತದೆ. ತೀರ್ಥಹಳ್ಳಿ ಕಡೆ ಜಡಿಮಳೆಯಲ್ಲಿ ಹಾಸಿಗೆ ಹಿಡಿದವರಿಗೆ ಆ ಒಡನಾಟ ದೊಡ್ಡ ಆಸರೆ, ಅದನ್ನು ಕಡೆಗಣಿಸಬೇಡಿ.