‘ಹತ್ತು ಪರ್ಸೆಂಟ್‌ಗಿಂತ ಜಾಸ್ತಿ ಏರ್ಸಂಗಿಲ್ರಿ’ ಅಂದರೆ ನಂಬಬೇಡಿ

ಕಲಬುರಗಿಯ ಕಪನೂರ ಇಂಡಸ್ಟ್ರಿಯಲ್ ಏರಿಯಾದಲ್ಲಿ ನನ್ನದೊಂದು ಸಣ್ಣ ದಾಲ್ ಮಿಲ್ ಇದೆ. ತೊಗರಿ ಸೀಸನ್‌ನಲ್ಲೂ ಕೆಲಸಕ್ಕೆ ಎಂಟೇ ಜನ. ಹೋದ ವರ್ಷ ಎಲ್ಲರಿಗೂ ಹೆಂಡತಿ ಮಕ್ಕಳ ಸಮೇತ ಗ್ರೂಪ್ ಹೆಲ್ತ್ ಇನ್ಶೂರೆನ್ಸ್ ಮಾಡಿಸಿದೆ. ಪ್ರೀಮಿಯಂ 64,000, ಮೇಲೆ 18% ಜಿಎಸ್‌ಟಿ.

‘ಮುಂದಿನ ವರ್ಷ ಏರಿಸಿದರೆ?’ ಅಂತ ಆಗಲೇ ಏಜೆಂಟನನ್ನು ಕೇಳಿದ್ದೆ. ಆತ ಮೊಬೈಲ್‌ನಲ್ಲಿ ಒಂದು ಸುದ್ದಿ ತೋರಿಸಿದ. ‘ಸಾವಕಾರ್ರ, ಸರ್ಕಾರನೇ ಲಿಮಿಟ್ ಹಾಕ್ಯದ್ರಿ. ಹತ್ತು ಪರ್ಸೆಂಟ್ ಮ್ಯಾಲ ಏರ್ಸಂಗಿಲ್ಲ. ಚಿಂತಿ ಮಾಡಬ್ಯಾಡ್ರಿ.’ ನಾನು ತಲೆಬರಹ ಓದಿದೆ, ಕೆಳಗೆ ಓದಲಿಲ್ಲ. ನನ್ನದೂ ತಪ್ಪೇ.

ಅದು ವಿಮಾ ನಿಯಂತ್ರಣ ಪ್ರಾಧಿಕಾರ 2025ರ ಜನವರಿಯಲ್ಲಿ ಹೊರಡಿಸಿದ ಆದೇಶ. 60 ವರ್ಷ ತುಂಬಿದವರ ವೈಯಕ್ತಿಕ ಪಾಲಿಸಿಗೆ ಮಾತ್ರ. ಪ್ರಾಧಿಕಾರವನ್ನು ಕೇಳದೆ ವರ್ಷಕ್ಕೆ 10%ಗಿಂತ ಹೆಚ್ಚು ಏರಿಸಬಾರದು ಅಂತ. ಮಿಲ್ಲು, ಅಂಗಡಿಯವರು ಮಾಡಿಸುವ ಗ್ರೂಪ್ ಪಾಲಿಸಿಗೂ ಅದಕ್ಕೂ ಸಂಬಂಧವೇ ಇಲ್ಲ. 2025ರ ಸೆಪ್ಟೆಂಬರ್ 22ರಿಂದ ಜಿಎಸ್‌ಟಿ ತೆಗೆದದ್ದೂ ವೈಯಕ್ತಿಕ ಪಾಲಿಸಿಗೇ. ನಮಗೆ 18% ಹಾಗೇ ಉಳಿಯಿತು.

ನಡುವೆ ನಮ್ಮ ಮಷೀನ್ ಆಪರೇಟರ್‌ಗೆ ಎದೆನೋವು ಬಂತು, ಸ್ಟೆಂಟ್ ಹಾಕಿಸಿದೆವು. 2 ಲಕ್ಷದ ಮೇಲೆ ಬಿಲ್ಲು, ಕಂಪನಿ ತಕರಾರಿಲ್ಲದೆ ಕೊಟ್ಟಿತು. ಆದರೆ ಗ್ರೂಪ್ ಪಾಲಿಸಿಯಲ್ಲಿ ಕೊಟ್ಟ ಕ್ಲೇಮು ಮುಂದಿನ ವರ್ಷದ ಪ್ರೀಮಿಯಂನಲ್ಲಿ ಬಂದು ಕೂರುತ್ತದೆ. ಸಾವಿರ ಜನರ ಫ್ಯಾಕ್ಟರಿಯಲ್ಲಿ ಒಂದು ಸ್ಟೆಂಟ್ ಲೆಕ್ಕಕ್ಕೇ ಬರಲ್ಲ. ಎಂಟು ಜನರಲ್ಲಿ ಒಬ್ಬ ಮಲಗಿದರೆ ಇಡೀ ಲೆಕ್ಕ ತಲೆಕೆಳಗು.

ಪಾಲಿಸಿ ಮುಗಿಯಲು ಮೂರೇ ದಿನ ಇದ್ದಾಗ ರಿನ್ಯೂವಲ್ ರೇಟು ಬಂತು. 1,24,000. ಜಿಎಸ್‌ಟಿ ಸೇರಿ 1,46,320. ನಾನು ಕೂಗಾಡಿದೆ. ಏಜೆಂಟ್ ತಣ್ಣಗೆ ಇನ್ನೊಂದು ಕಂಪನಿಯ ಕೊಟೇಶನ್ ತಂದ, 71,000. ಗಡಿಬಿಡಿಯಲ್ಲಿ ಸಹಿ ಹಾಕಿದೆ. ಹಳೇ ಹಾಳೆಯಲ್ಲಿ ‘ಮೊದಲೇ ಇದ್ದ ಕಾಯಿಲೆ’ ಅನ್ನುವ ಸಾಲಿನ ಮುಂದೆ ‘ವೇಟಿಂಗ್ ಇಲ್ಲ’ ಅಂತಿತ್ತು. ಹೊಸದರಲ್ಲಿ ಅದೇ ಸಾಲಿನ ಮುಂದೆ ‘36 ತಿಂಗಳು’. ಅಂದರೆ ಮೊದಲೇ ಇದ್ದ ಕಾಯಿಲೆಗೆ ಮೂರು ವರ್ಷ ಕ್ಲೇಮು ಸಿಗಲ್ಲ. ನಾನು ನೋಡಿದ್ದು ಕೆಳಗಿನ ಮೊತ್ತ ಮಾತ್ರ.

ಎರಡು ತಿಂಗಳಿಗೆ ಅದೇ ಆಪರೇಟರ್ ಶುಗರ್‌ನಿಂದ ಕಾಲು ಹುಣ್ಣಾಗಿ ಅಡ್ಮಿಟ್ ಆದ. ಬಿಲ್ಲು 86,000. ಶುಗರ್ ‘ಮೊದಲೇ ಇದ್ದ ಕಾಯಿಲೆ’ ಅಂತ ಕ್ಲೇಮು ರಿಜೆಕ್ಟ್. ವಿಮಾ ಲೋಕಪಾಲರಿಗೆ ದೂರು ಕೊಡೋಣ ಅಂತ ಕಾಗದ ತೆಗೆದು ಕೂತರೆ, ಕೆಳಗೆ ನನ್ನದೇ ಸಹಿ ಇದೆ. ಏನಂತ ಬರೆಯಲಿ?

ನಿಮ್ಮದೂ ನಮ್ಮಂಥ ಸಣ್ಣ ಗ್ರೂಪ್ ಆದರೆ ಎರಡು ತಿಂಗಳು ಮೊದಲೇ ಕಂಪನಿಗೆ ಮೇಲ್ ಹಾಕಿ ರಿನ್ಯೂವಲ್ ರೇಟು, ವರ್ಷದ ಕ್ಲೇಮ್ ಪಟ್ಟಿ ಕೇಳಿ. ಬೇರೆ ಕಂಪನಿಗೆ ಹೋಗುವುದಾದರೆ ಎರಡೂ ಹಾಳೆ ಪಕ್ಕಪಕ್ಕ ಇಟ್ಟು ಒಂದೊಂದು ಸಾಲು ಓದಿ. ‘ಸರ್ಕಾರದ ಲಿಮಿಟ್ ಇದೆ’ ಅಂದವನಿಗೆ ಆದೇಶದ ಪ್ರತಿ ಕೊಡಪ್ಪಾ ಅನ್ನಿ.

ಹತ್ತು ಜನ ಕೆಲಸಗಾರರು ಇದ್ದರೆ ನಿಮ್ಮ ದಾರಿಯೇ ಬೇರೆ, ಇಎಸ್‌ಐ, ಅಂದರೆ ಕೆಲಸಗಾರರಿಗೆ ಇರುವ ಸರ್ಕಾರಿ ವಿಮೆ. ತಿಂಗಳಿಗೆ 21,000 ತನಕ ಸಂಬಳ ಇರುವವರಿಗೆ ಮಾಲೀಕರು 3.25%, ಕೆಲಸಗಾರರು 0.75% ಕಟ್ಟಬೇಕು. 2019ರ ಜುಲೈನಿಂದ ಇದೇ ದರ, ಯಾರಿಗೆ ಎಷ್ಟು ಕಾಯಿಲೆ ಬಂತು ಅಂತ ನೋಡಿ ಏರಿಸಲ್ಲ. ಸೇಡಂ ರೋಡಿನಲ್ಲಿ ಅಷ್ಟು ದೊಡ್ಡ ಇಎಸ್‌ಐ ಆಸ್ಪತ್ರೆ ಇದೆ. ನನ್ನ ಮಿಲ್ಲಿನಲ್ಲಿ ಇಬ್ಬರು ಕಡಿಮೆ.

ಆಪರೇಟರ್‌ನ ಆ 86,000ದ ಬಿಲ್ಲಿನಲ್ಲಿ ಅರ್ಧ ನಾನು ಕೊಟ್ಟೆ. ಉಳಿದದ್ದಕ್ಕೆ ಆತ ಸಾಲ ಮಾಡಿದ್ದಾನೆ.