ಸಿಎಸ್ 2 ಆಡೋರೇ ಹುಷಾರ್: ನಿಮ್ಮ ಟೀಮಿನವರೇ ಹೊಡೆದರೆ ತಿರುಗಿ ಹೊಡೀಬೇಡಿ

ಕೌಂಟರ್ ಸ್ಟ್ರೈಕ್ 2 (ಸಿಎಸ್ 2) ಅನ್ನೋ, ಐವರೈವರ ಎರಡು ಟೀಮ್ ಗುಂಡು ಹಾರಿಸಿಕೊಳ್ಳುವ ಆನ್‌ಲೈನ್ ಆಟ ಆಡುವ ನಮ್ಮ ಕೊಡಗಿನವರಿಗೆಲ್ಲ ಇದನ್ನು ಹೇಳಲೇಬೇಕು. ಟೀಮಿನಲ್ಲಿ ಗುರುತಿಲ್ಲದ ಮೂವರು ಒಟ್ಟಿಗೇ ಬಂದಿದ್ದರೆ ಎಚ್ಚರದಿಂದಿರಿ. ಮೊನ್ನೆ ವಿರಾಜಪೇಟೆಯ ಮನೆಯಲ್ಲಿ ನಾನೂ ತಮ್ಮನೂ ಕಾಂಪಿಟಿಟಿವ್ (ರ‍್ಯಾಂಕಿಗಾಗಿ ಆಡುವ ಮ್ಯಾಚ್) ಆಡ್ತಾ ಇದ್ದಾಗ ನಡೆದದ್ದು.

ತಮ್ಮ 4750 ಡಾಲರಿನ ಎಡಬ್ಲ್ಯುಪಿ ಅನ್ನೋ ಸ್ನೈಪರ್ ಬಂದೂಕು ಕೊಂಡ. ಆಟದೊಳಗಿನ ದುಡ್ಡೇ ಇರಬಹುದು, ಆದರೆ ಅದನ್ನು ಉಳಿಸೋಕೆ ಬರೀ ಪಿಸ್ತೂಲಿನಲ್ಲಿ ಒದ್ದಾಡಿದ್ದ. ನಾಲ್ಕು ಹೆಜ್ಜೆ ಇಡುವ ಮೊದಲೇ ಬೆನ್ನಿಗೆ ಗುಂಡು. ಅವನು ಬಿದ್ದ. ಹೊಡೆದವನು ನಮ್ಮ ಟೀಮಿನಲ್ಲೇ ಇದ್ದ ಅಂಥ ಮೂವರಲ್ಲಿ ಒಬ್ಬ. ಅದೇ ಎಡಬ್ಲ್ಯುಪಿ ಎತ್ತಿಕೊಂಡು 'ಸಾರಿ ಬ್ರೋ' ಅಂದ. ಅದು ಕೈತಪ್ಪಿ ಆದದ್ದಲ್ಲ. ಈ ಆಟದಲ್ಲಿ ಸ್ವಂತ ಟೀಮಿನವರಿಗೆ ತಾಗುವ ಗುಂಡಿನ ಏಟು ಎದುರಾಳಿಗೆ ತಾಗುವುದರ ಮೂರನೇ ಒಂದು ಪಾಲು ಅಷ್ಟೇ. ಒಂದೆರಡು ಗುಂಡು ತಪ್ಪಿ ತಾಗಬಹುದು. ಸಾಯೋವರೆಗೂ ಹೊಡೆದರೆ ಬೇಕಂತಲೇ, ಅಲ್ವಾ?

ಮುಂದಿನ ರೌಂಡಿನಲ್ಲಿ ಇನ್ನೊಬ್ಬ ಹೊಡೆದ. ಆಮೇಲೆ ಮೂರನೆಯವನು. ಅವರ ಕಿತಾಪತಿ ಇರೋದೇ ಇಲ್ಲಿ. ಟೀಮಿನವರನ್ನು ಕೊಂದ ಲೆಕ್ಕ ಒಬ್ಬೊಬ್ಬರ ಹೆಸರಿಗೆ ಬೇರೆ ಬೇರೆ. ಮೂರು ಆದರೆ ಆಟವೇ ಹೊರಗೆ ಹಾಕುತ್ತೆ. ಹಂಚಿಕೊಂಡು ಕೊಂದರೆ ಯಾರ ಹೆಸರಿಗೂ ಮೂರು ಆಗಲ್ಲ. ತಮ್ಮನಿಗೆ ಸಿಟ್ಟು ತಡೆಯಲಿಲ್ಲ. ರೌಂಡಿಗೊಬ್ಬರಂತೆ ಮೂವರಿಗೂ ವಾಪಸ್ ಕೊಟ್ಟ. ಕೊನೆಯವನು ಬಿದ್ದ ಕೂಡಲೇ ಹೊರಗೆ ಹೋದದ್ದು ಇವನೇ. ಅವರು ಮೈಕಿನಲ್ಲಿ ನಗ್ತಾ ಇದ್ದರು. ಅದಕ್ಕೇ ಕಾಯ್ತಾ ಇದ್ದದ್ದು ಅವರು.

ಕೂಲ್‌ಡೌನ್ ಅಂದರೆ ಮತ್ತೆ ಮ್ಯಾಚ್ ಆಡೋಕೆ ಬಿಡದ ಅವಧಿ, ಮೊದಲ ಸಲ 30 ನಿಮಿಷ, ಆಮೇಲೆ 2 ಗಂಟೆ, 24 ಗಂಟೆ, ಕೊನೆಗೆ 7 ದಿನ. ನಮ್ಮ ಕಡೆಯವರಿಗೆ ಇದರಿಂದ ಜಾಸ್ತಿ ತೊಂದರೆ. ಮಳೆಗಾಲದಲ್ಲಿ ಲೈನ್ ಮೇಲೆ ಮರ ಬಿದ್ದು ಕರೆಂಟ್ ಹೋದರೂ, ಬೇಗ ವಾಪಸ್ ಸೇರದಿದ್ದರೆ ಮ್ಯಾಚ್ ಬಿಟ್ಟುಹೋದ ಲೆಕ್ಕವೇ. ತಮ್ಮನಿಗೆ ಹಾಗೆ ಮೊದಲೇ ಎರಡು ಸಲ ಬಿದ್ದಿತ್ತು. ಹಾಗಾಗಿ ಇದು ನೇರ 24 ಗಂಟೆ. ಭಾನುವಾರ ಬೆಂಗಳೂರಿನ ದೊಡ್ಡಪ್ಪನ ಮಗನ ಜೊತೆ ಆಡಬೇಕು ಅಂತ ವಾರವಿಡೀ ಕಾದಿದ್ದ ಹುಡುಗ ಊಟವನ್ನೂ ಮಾಡದೆ ಮಲಗಿಬಿಟ್ಟ. ನನಗೆ ಹೊಟ್ಟೆ ಉರಿದುಹೋಯಿತು.

ದಯವಿಟ್ಟು ಸೇಡಿಗೆ ಹೋಗಬೇಡಿ. ಮೊದಲು ಹೊಡೆದವರು ಯಾರು ಅಂತ ಆಟ ನೋಡಲ್ಲ. ಸ್ಕೋರ್‌ಬೋರ್ಡ್ ತೆಗೆದು ಮೂವರನ್ನೂ ಮ್ಯೂಟ್ ಮಾಡಿ, ಒಬ್ಬೊಬ್ಬರ ಮೇಲೂ ರಿಪೋರ್ಟ್ ಹಾಕಿ. ಬೇಜಾರಾಗಿ ಮಧ್ಯದಲ್ಲೇ ಎದ್ದುಹೋದರೂ ಕೂಲ್‌ಡೌನ್ ನಿಮಗೇ. ಅದಕ್ಕೆ ಹೇಗಾದರೂ ಮ್ಯಾಚ್ ಮುಗಿಸಿ. ಗುರುತಿಲ್ಲದವರ ಜೊತೆಯೇ ಆಡಬೇಕು ಅಂದರೆ ಇಂಥದ್ದೇ ಇನ್ನೊಂದು ಆಟ ವ್ಯಾಲೊರಂಟ್ ವಾಸಿ. ಅದರಲ್ಲಿ ಬಂದೂಕಿನ ಗುಂಡಿನಿಂದ ಟೀಮಿನವರಿಗೆ ಏನೂ ಆಗಲ್ಲ, ಪಾತ್ರಗಳ ಕೆಲವು ಅಬಿಲಿಟಿಗಳಿಂದ (ವಿಶೇಷ ಶಕ್ತಿಗಳಿಂದ) ಮಾತ್ರ ಏಟು ಬೀಳುತ್ತೆ.

ಸಿಎಸ್ ಆಡುವುದಾದರೆ ಐವರೂ ಗೊತ್ತಿರೋರೇ ಸೇರಿ. ಗೋಣಿಕೊಪ್ಪ, ಮಡಿಕೇರಿ, ಕುಶಾಲನಗರದ ಕಡೆ ಮೂವರ ಟೀಮ್ ಇದ್ದರೆ ಹೇಳಿ, ನಾವಿಬ್ಬರು ಬರ್ತೀವಿ.