ಹಾವು, ಕಪ್ಪೆ ಹುಡುಕಲು ಅಮೆಜಾನಾ, ಬೋರ್ನಿಯೋನಾ?

ಕಪ್ಪೆಗಳೇ ಮುಖ್ಯ ಅಂದರೆ ಜಾಸ್ತಿ ಯೋಚಿಸಬೇಡಿ, ಅಮೆಜಾನ್‌ಗೆ ಹೋಗಿ. ಈಕ್ವೆಡಾರ್‌ನ ಯಾಸುನಿ ಕಾಡೊಂದರಲ್ಲೇ ಸುಮಾರು 150 ಜಾತಿಯ ಉಭಯಚರಗಳು ಸಿಕ್ಕಿವೆ. ಬಣ್ಣಬಣ್ಣದ ವಿಷಕಪ್ಪೆಗಳು ಹಗಲಲ್ಲೇ ಓಡಾಡುತ್ತವೆ. ಹೊಟ್ಟೆಯೊಳಗಿನದೆಲ್ಲ ಕಾಣುವ ಗಾಜುಕಪ್ಪೆ ಬೇಕಿದ್ದರೆ ಮಾತ್ರ ರಾತ್ರಿ ತೊರೆ ಪಕ್ಕದ ಎಲೆಗಳಿಗೆ ಟಾರ್ಚ್ ಬಿಡಬೇಕು.

ಆಗ್ನೇಯ ಏಷ್ಯಾದ ಬೋರ್ನಿಯೋ ದ್ವೀಪದ ಮಜಾನೇ ಬೇರೆ. ಕಾಲ್ಬೆರಳ ಪೊರೆ ಬಿಚ್ಚಿ ಗಾಳಿಯಲ್ಲಿ ತೇಲುವ ವ್ಯಾಲೇಸ್ ಕಪ್ಪೆ, ಮೈ ಚಪ್ಪಟೆ ಮಾಡಿಕೊಂಡು ಮರದಿಂದ ಮರಕ್ಕೆ ಜಾರುವ ಹಾವು, ಎರಡೂ ಅಲ್ಲಿವೆ. ಅಲ್ಲಿನ ಸರಾವಾಕ್ ರಾಜ್ಯದ ಕುಬಾ ರಾಷ್ಟ್ರೀಯ ಉದ್ಯಾನದಲ್ಲಿ ಹೂಜಿಗಿಡದ (ಹೂಜಿಯಂಥ ಎಲೆಯಲ್ಲಿ ನೀರು ತುಂಬಿಕೊಳ್ಳುವ ಗಿಡ) ಒಳಗೆ ಮೊಟ್ಟೆಯಿಡುವ ಬಟಾಣಿ ಗಾತ್ರದ ಕಪ್ಪೆಯಿದೆ. ಕಣ್ಣಿಗೆ ಬೀಳುವುದು ಕಷ್ಟ, ಸಂಜೆ ಕೂಗು ಮಾತ್ರ ಕೇಳುತ್ತದೆ.

ಹಾವು? ಎಲ್ಲೇ ಹೋದರೂ ಅದೃಷ್ಟ ಬೇಕು. ಆದರೂ ನಾನಾದರೆ ಬೋರ್ನಿಯೋಗೇ ಹೋಗುತ್ತೇನೆ. ಅಲ್ಲಿನ ಹಸಿರು ಗುಳಿಮಂಡಲ (ಒಂದು ಬಗೆಯ ವಿಷದ ಹಾವು) ಒಂದೇ ಕೊಂಬೆಯಲ್ಲಿ ದಿನಗಟ್ಟಲೆ ಕೂರುತ್ತದೆ, ಗೈಡ್‌ಗೆ ಜಾಗ ಗೊತ್ತಿದ್ದರೆ ಸಾಕು. ಅಮೆಜಾನ್‌ನ ಗುಳಿಮಂಡಲ ಒಣಗಿದ ಎಲೆಗಳ ಮಧ್ಯೆ ಕಾಣುವುದೇ ಇಲ್ಲ. ಅದಕ್ಕೇ ಅಲ್ಲಿ ರಬ್ಬರ್ ಬೂಟು ಬಿಟ್ಟು ನಡೆಯಬೇಡಿ. ಬೋರ್ನಿಯೋದಲ್ಲಿ ಜಿಗಣೆ ಕಾಟ, ಉದ್ದ ಕಾಲುಚೀಲ ಇರಲಿ.